ಹಮ್ದಾನ್ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದ ಮೇಲೂ ಅವನನ್ನು ಯಾಕೆ ಬಿಡಲಿಲ್ಲ?

ಕಾನೂನು_ವಿದ್ಯಾರ್ಥಿನಿ:
ಕ್ಯೂಬಾದ ಗ್ವಾಂಟನಾಮೊದಲ್ಲಿರುವ ಅಮೆರಿಕದ ಸೇನಾ ಜೈಲಿನ ಕೈದಿಗಳ ಬಗ್ಗೆ ಸೆಮಿನಾರಿಗೆ ಓದುತ್ತಿದ್ದೇನೆ. ಬಿನ್ ಲಾಡೆನ್‌ನ ಡ್ರೈವರ್ ಆಗಿದ್ದ ಯೆಮೆನ್‌ನ ಸಲೀಂ ಹಮ್ದಾನ್ 2006ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದ. ಆದರೂ ಒಳಗೇ ಉಳಿದ, 2008ರಲ್ಲಿ ಮತ್ತೆ ವಿಚಾರಣೆ ನಡೀತು. ಹಾಗಾದ್ರೆ ಅವನು ಗೆದ್ದದ್ದೇನು? ಮಿಲಿಟರಿ ಕಮಿಷನ್ ಅಂದ್ರೆ ನಮ್ಮ ಸೇನೆಯ ಕೋರ್ಟ್ ಮಾರ್ಷಲ್ ಥರಾನೇನಾ?

ಹಳೇ_ವಕೀಲ:
ಹಿಡಿದಿಡುವುದು ಬೇರೆ, ಶಿಕ್ಷೆ ಕೊಡುವುದು ಬೇರೆ ಮೇಡಂ. ಯುದ್ಧದಲ್ಲಿ ಸಿಕ್ಕಿಬಿದ್ದವನನ್ನು ಯುದ್ಧ ಮುಗಿಯುವ ತನಕ ವಿಚಾರಣೆ ಇಲ್ಲದೆಯೇ ಇಟ್ಟುಕೊಳ್ಳಬಹುದು. ಅವನು ಮತ್ತೆ ಬಂದೂಕು ಹಿಡಿಯಬಾರದು, ಅಷ್ಟೇ. ಅಪರಾಧಿ ಅಂತ ಶಿಕ್ಷೆ ಕೊಡಬೇಕಾದರೆ ಮಾತ್ರ ಸರಿಯಾದ ಕೋರ್ಟ್ ಬೇಕು. ಹಮ್ದಾನ್ ಗೆದ್ದದ್ದು ಈ ಎರಡನೇ ವಿಷಯದಲ್ಲಿ.

ಕೋರ್ಟ್ ಮಾರ್ಷಲ್‌ಗೆ ಮೊದಲಿಂದ ಇರುವ ಕಾನೂನಿದೆ. ನಮ್ಮಲ್ಲಿ 1950ರ ಸೇನಾ ಕಾಯ್ದೆ. ಗ್ವಾಂಟನಾಮೊದ ಕಮಿಷನ್ ಹುಟ್ಟಿದ್ದು 2001ರ ನವೆಂಬರ್ 13ರಂದು ಆಗಿನ ಅಧ್ಯಕ್ಷ ಬುಷ್ ಹೊರಡಿಸಿದ ಒಂದು ಆದೇಶದಿಂದ. ಅದರ ನಿಯಮ ನೋಡಿ: ಆರೋಪಿಯನ್ನು ಹೊರಗೆ ಕಳಿಸಿ ಅವನ ವಿರುದ್ಧದ ಸಾಕ್ಷ್ಯ ಕೇಳಬಹುದಿತ್ತು. ಅವನ ಸೇನಾ ವಕೀಲ ಒಳಗೇ ಕೂತಿರಬಹುದು, ಆದರೆ ಕೇಳಿದ್ದನ್ನು ಕಕ್ಷಿದಾರನಿಗೆ ಹೇಳದಂತೆ ತಡೆಯಬಹುದಿತ್ತು. ತನ್ನ ಮೇಲೆ ಯಾರು ಏನು ಹೇಳಿದರು ಅಂತ ಗೊತ್ತೇ ಇಲ್ಲದವನು ಪಾಟೀ ಸವಾಲು ಹಾಕುವುದು ಹೇಗೆ?

2006ರ ಜೂನ್ 29ರಂದು ಕೋರ್ಟ್ 5-3ರಲ್ಲಿ ಇದನ್ನು ತಳ್ಳಿಹಾಕಿತು. ಅಮೆರಿಕದ್ದೇ ಸೇನಾ ನ್ಯಾಯ ಸಂಹಿತೆಗೂ ಜಿನೀವಾ ಒಪ್ಪಂದಗಳ (ಯುದ್ಧದಲ್ಲಿ ಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮಗಳು) ನಾಲ್ಕರಲ್ಲೂ ಒಂದೇ ಆಗಿರುವ 3ನೇ ವಿಧಿಗೂ ಇದು ವಿರುದ್ಧ ಅಂದಿತು. ಅವನನ್ನು ಬಿಟ್ಟುಬಿಡಿ ಅಂತ ಹೇಳಲಿಲ್ಲ. ಅಮೆರಿಕದ ಸಂಸತ್ತು (ಕಾಂಗ್ರೆಸ್) ಪಾಸು ಮಾಡಿದ ಹೊಸ ಕಾನೂನು ಅಕ್ಟೋಬರ್‌ನಲ್ಲಿ ಜಾರಿಗೆ ಬಂದು ಕಮಿಷನ್‌ಗೆ ಮತ್ತೆ ಜೀವ ಕೊಟ್ಟಿತು.

ಹಮ್ದಾನ್ ಪರ ವಕೀಲರಾಗಿ ನಿಂತ ಚಾರ್ಲ್ಸ್ ಸ್ವಿಫ್ಟ್ ಅಮೆರಿಕದ ನೌಕಾಪಡೆಯ ಅಧಿಕಾರಿ. ತಪ್ಪೊಪ್ಪಿಗೆ ಮಾತುಕತೆ ನಡೆಸಲಿ ಅಂತ ನೇಮಿಸಿದರೆ, ಸಮವಸ್ತ್ರದಲ್ಲೇ ಇದ್ದುಕೊಂಡು ತನ್ನ ಸರ್ಕಾರದ ವಿರುದ್ಧವೇ ಹೋರಾಡಿದರು. ವಕೀಲಿಕೆ ಅಂದರೆ ಇದು ಅಂತ ನನ್ನ ಜೂನಿಯರ್‌ಗಳಿಗೆ ಈಗಲೂ ಹೇಳುತ್ತೇನೆ.

ಗಡಿನಾಡಿಗ:
ಸರ್, ಬಿನ್ ಲಾಡೆನ್ ಜೊತೆ ಓಡಾಡಿದವನಿಗೆ ಇಷ್ಟೆಲ್ಲ ಹಕ್ಕು ಯಾಕೆ? ಸಮವಸ್ತ್ರ ಇಲ್ಲ, ಯುದ್ಧದ ನಿಯಮ ಪಾಲಿಸಲ್ಲ. ಸತ್ತವರ ಮನೆಯವರನ್ನು ಯಾರು ಕೇಳ್ತಾರೆ?

ಹಳೇ_ವಕೀಲ:
ಅವರ ನೋವು ದೊಡ್ಡದು ಸರ್, ಒಪ್ಪುತ್ತೇನೆ. ಆದರೆ ಸಿಕ್ಕವನು ಯಾರು ಅನ್ನೋದೇ ಮೊದಲು ತೀರ್ಮಾನ ಆಗಬೇಕಲ್ವಾ? ಅನುಮಾನ ಬಂದರೆ ಒಂದು ಮಂಡಳಿ ಕೂತು ನಿರ್ಧರಿಸಬೇಕು ಅನ್ನುತ್ತದೆ ಮೂರನೇ ಜಿನೀವಾ ಒಪ್ಪಂದದ 5ನೇ ವಿಧಿ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕವೇ ಇಂಥ ಸಾವಿರಕ್ಕೂ ಹೆಚ್ಚು ವಿಚಾರಣೆ ನಡೆಸಿತ್ತು. 2002ರ ಫೆಬ್ರವರಿಯಲ್ಲಿ ಮಾತ್ರ ಅಧ್ಯಕ್ಷರು ಒಂದೇ ಸಹಿಯಲ್ಲಿ, ತಾಲಿಬಾನ್ ಆಗಲಿ ಅಲ್ ಖೈದಾ ಆಗಲಿ ಯಾರೂ ಯುದ್ಧಕೈದಿಗಳಲ್ಲ ಅಂದುಬಿಟ್ಟರು.

ಹಮ್ದಾನ್‌ಗೆ 2008ರಲ್ಲಿ ತೀರ್ಪು ಕೊಟ್ಟವರು ಸೇನಾಧಿಕಾರಿಗಳೇ. ಒಳಸಂಚಿನ ಆರೋಪ ನಿಲ್ಲಲಿಲ್ಲ, ಭಯೋತ್ಪಾದನೆಗೆ ನೆರವು ಕೊಟ್ಟದ್ದು ಮಾತ್ರ ನಿಂತಿತು. ಪ್ರಾಸಿಕ್ಯೂಷನ್ ಕೇಳಿದ್ದು ಕನಿಷ್ಠ 30 ವರ್ಷ. ಅವರು ಕೊಟ್ಟದ್ದು 66 ತಿಂಗಳು, ಅದರಲ್ಲಿ 61 ಆಗಲೇ ಕಳೆದಿತ್ತು. ಅದೇ ನವೆಂಬರ್‌ನಲ್ಲಿ ಅವನನ್ನು ಯೆಮೆನ್‌ಗೆ ಕಳಿಸಿದರು. 2012ರಲ್ಲಿ ಮೇಲ್ಮನವಿ ಕೋರ್ಟ್ ಆ ಒಂದು ಆರೋಪವನ್ನೂ ರದ್ದು ಮಾಡಿತು. ಅವನು ಆ ಕೆಲಸ ಮಾಡಿದಾಗ ಅದು ಯುದ್ಧಾಪರಾಧ ಆಗಿರಲಿಲ್ಲ ಅನ್ನೋದೇ ಕಾರಣ.

ಕಾನೂನು_ವಿದ್ಯಾರ್ಥಿನಿ:
ತುಂಬಾ ಥ್ಯಾಂಕ್ಸ್ ಸರ್. ಹಾಗಾದ್ರೆ ಬಂಧನವನ್ನೇ ಪ್ರಶ್ನೆ ಮಾಡಬೇಕಿದ್ರೆ?

ಹಳೇ_ವಕೀಲ:
ಅದಕ್ಕೆ 2008ರ ಬೂಮೆದಿಯನ್ ತೀರ್ಪು ಓದಿ. ಗ್ವಾಂಟನಾಮೊ ಕೈದಿಗಳಿಗೂ ಹೇಬಿಯಸ್ ಕಾರ್ಪಸ್, ಅಂದರೆ ಬಂಧನ ಕಾನೂನುಬದ್ಧವೇ ಅಂತ ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕಿದೆ ಅಂತ 5-4ರಲ್ಲಿ ಹೇಳಿದ್ದು ಅದೇ.