ಪೆಡಲ್ ಸ್ಟೀಲ್‌ಗೆ ಹಳೆಯ ಆಂಪ್: ಕೇಳಿ, ರಿಪೇರಿಯವರು ಹೇಳುತ್ತಾರೆ

(ಪೆಡಲ್ ಸ್ಟೀಲ್ ಅಂದರೆ ಅಡ್ಡ ಮಲಗಿಸಿ, ತಂತಿಯ ಮೇಲೆ ಲೋಹದ ಬಾರ್ ಜಾರಿಸಿ, ಪೆಡಲ್‌ಗಳಿಂದ ಶ್ರುತಿ ಬದಲಿಸುತ್ತಾ ನುಡಿಸುವ ಗಿಟಾರ್. ಆಂಪ್ ಅಂದರೆ ಅದರ ದನಿ ಜೋರಾಗಿಸುವ ಆಂಪ್ಲಿಫೈಯರ್.)

ಹತ್ತು ತಂತಿ: ಸರ್, ಪೆಡಲ್ ಸ್ಟೀಲ್‌ಗೆ ಸೆಕೆಂಡ್ ಹ್ಯಾಂಡ್ ಆಂಪ್ ಹುಡುಕುತ್ತಿದ್ದೇನೆ. ನನ್ನ 20 ವ್ಯಾಟಿನ ಗಿಟಾರ್ ಆಂಪ್ ಸಾಲದಾ?

ರಿಪೇರಿಯವರು: ಮನೆಯಲ್ಲಿ ಅಭ್ಯಾಸಕ್ಕೆ ಸಾಕು. ಡ್ರಮ್ಸ್ ಜೊತೆ ಸಾಲದು. ನೀವು ವಾಲ್ಯೂಮ್ ಪೆಡಲ್ ಅರ್ಧ ಒತ್ತಿ ಮೀಟುತ್ತೀರಿ, ನಾದ ಇಳಿದಂತೆ ಇನ್ನಷ್ಟು ಒತ್ತುತ್ತೀರಿ, ಅಲ್ವಾ? ಅಂದರೆ ಅರ್ಧ ಪೆಡಲ್‌ಗೇ ಸಾಕಷ್ಟು ದನಿ ಬರಬೇಕು, ಜೋರಾಗಿ ಮೀಟಿದರೂ ಒಡೆಯಬಾರದು. ಪೀವಿ ನ್ಯಾಶ್‌ವಿಲ್ 400 ತರಹ 200 ವ್ಯಾಟ್ ಆಸುಪಾಸಿನ, 15 ಇಂಚು ಸ್ಪೀಕರಿನ ಆಂಪ್ ನೋಡಿ.

ಮೊಣಕಾಲು ಲಿವರ್: ಅದೇ 400 ನೋಡಿ ಬಂದೆ. ನಡುವೆ ದನಿ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಬಿಟ್ಟುಬಿಡಲಾ?

ರಿಪೇರಿಯವರು: ಬೇಡ. ಪ್ರೀಆಂಪ್ (ಆಂಪಿನ ಮೊದಲ ಹಂತ) ಔಟ್ ಜ್ಯಾಕ್‌ನಿಂದ ಪವರ್ ಆಂಪ್ ಇನ್ ಜ್ಯಾಕ್‌ಗೆ ಒಂದು ಗಿಡ್ಡ ಕೇಬಲ್ ಹಾಕಿ ನುಡಿಸಿ. ದನಿ ಕುಗ್ಗುವುದು ನಿಂತರೆ, ಆ ಎರಡರ ನಡುವೆ ದನಿ ದಾಟಿಸುವ, ಜ್ಯಾಕ್ ಒಳಗಿನ ಸ್ವಿಚ್ ಕಿಲುಬು ಹಿಡಿದಿದೆ ಅಷ್ಟೆ. ಆ ಮಾಡೆಲ್‌ನಲ್ಲಿ ಇದು ತುಂಬಾ ಮಾಮೂಲಿ.

ಹೊಸ ಶ್ರುತಿ: 12 ಇಂಚಿಗೂ 15 ಇಂಚಿಗೂ ಏನು ವ್ಯತ್ಯಾಸ ಸರ್?

ಇಳಿಸಂಜೆ: ಹಳೆಯ ಫೆಂಡರ್ ಟ್ವಿನ್ ರಿವರ್ಬ್ ಟ್ಯೂಬ್ ಆಂಪ್ ತಂದೆ. ಗುಂಯ್ ಅಂತ ಹಮ್. ಫಾರ್ವರ್ಡ್ ಮೆಸೇಜ್‌ನಲ್ಲಿ ಇದ್ದ ಹಾಗೆ ಪ್ಲಗ್‌ನ ಅರ್ತ್ ಪಿನ್ ತೆಗೆದೆ, ಹಮ್ ಕಡಿಮೆಯಾಯಿತು. ಈಗ ಬಾರ್ ಹಿಡಿದರೆ ಬೆರಳು ಜುಮ್ ಅನ್ನುತ್ತದೆ. ಪರವಾಗಿಲ್ವಾ?

ರಿಪೇರಿಯವರು: ಈಗಲೇ ಪ್ಲಗ್ ಕಿತ್ತಿಡಿ. ಮಿಕ್ಕಿದ್ದು ಆಮೇಲೆ ಓದಿ.

ಸ್ಟೀಲ್ ನುಡಿಸುವವರ ಒಂದು ಕೈಯಲ್ಲಿ ಲೋಹದ ಬಾರ್, ಇನ್ನೊಂದು ಕೈಯ ಬೆರಳಿಗೆ ಲೋಹದ ಪಿಕ್. ತಂತಿಗಳು ಕೇಬಲ್ ಮೂಲಕ ಆಂಪಿನ ಷಾಸಿಗೆ, ಅಂದರೆ ಲೋಹದ ಚೌಕಟ್ಟಿಗೆ, ಸೇರಿರುತ್ತವೆ. ಹಳೆಯ ಟ್ವಿನ್‌ಗಳಲ್ಲಿ ಗ್ರೌಂಡ್ ಸ್ವಿಚ್ ಜೊತೆ ಒಂದು ಕೆಪಾಸಿಟರ್ ಮೈನ್ಸ್‌ನಿಂದ ನೇರ ಷಾಸಿಗೆ ಹೋಗುತ್ತದೆ. ಅರ್ತ್ ಇಲ್ಲದಾಗ ಅದರ ಮೂಲಕ ಸ್ವಲ್ಪ ಕರೆಂಟ್ ಷಾಸಿಗೆ ಬಂದರೂ ಹೀಗೆ ಜುಮ್ ಅನ್ನುತ್ತದೆ. ಅದು ಪೂರ್ತಿ ಶಾರ್ಟ್ ಆದ ದಿನ ನೀವು ಅರ್ತ್ ಆಗಿರುವ ಮೈಕ್ ಮುಟ್ಟಿದರೆ ಕರೆಂಟ್ ಎದೆ ದಾಟಿ ಹೋಗುತ್ತದೆ. ಅರ್ತ್ ಇದ್ದಿದ್ದರೆ ಫ್ಯೂಸ್ ಹೋಗುತ್ತಿತ್ತು, ನೀವು ಉಳಿಯುತ್ತಿದ್ದಿರಿ.

ಪಿನ್ ತೆಗೆದಾಗ ಹಮ್ ಇಳಿಯಿತು ಅಂದರೆ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತ್ ಸೇರಿ ಆಗುವ ಸುತ್ತು) ಇರಬಹುದು. ಅರ್ತ್ ಸರಿಮಾಡಿಸಿದ ಮೇಲೆ ಎಲ್ಲ ಪ್ಲಗ್‌ಗಳನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಆಗಲೂ ಹಮ್ ಇದ್ದರೆ, ಕರೆಂಟಿನ ಏರಿಳಿತ ಸೋಸುವ ಫಿಲ್ಟರ್ ಕೆಪಾಸಿಟರ್‌ಗಳಿಗೆ ವಯಸ್ಸಾಗಿರಬಹುದು. ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ 400 ವೋಲ್ಟ್ ಕೂತಿರಬಹುದು.

ಟ್ಯೂಬ್ ಪ್ರೀತಿ: ಏನೇ ಹೇಳಿ, ಟ್ಯೂಬ್ ದನಿಯ ಇಂಪು ಟ್ರಾನ್ಸಿಸ್ಟರ್‌ಗೆ ಬರಲ್ಲ.

ಮೊಣಕಾಲು ಲಿವರ್: ಆ ಟ್ವಿನ್‌ನ ಹತ್ತಿರ ಹತ್ತಿರ 30 ಕಿಲೋ ಹೊತ್ತು ನೋಡಿ, ಆಮೇಲೆ ಇಂಪು ಹೇಳಿ.

ಟ್ಯೂಬ್ ಪ್ರೀತಿ: ಭಾರದ ಮಾತು ಯಾರು ಕೇಳಿದರು? ದನಿ ಬಗ್ಗೆ ಹೇಳ್ರೀ.

ಮೊಣಕಾಲು ಲಿವರ್: ನೀವು ಸ್ಟೀಲ್ ನುಡಿಸುತ್ತೀರಾ, ಸುಮ್ನೆ ಕೇಳುತ್ತೀರಾ?

ಆರನೇ ಪೆಡಲ್: ಸರ್, 30 ವ್ಯಾಟ್ ಸಾಕಾ?

ರಿಪೇರಿಯವರು: ಮೇಲೆ ಹೇಳಿದ್ದೇನೆ.

ಟ್ಯೂಬ್ ಪ್ರೀತಿ: ಫಾರ್ವರ್ಡ್: ಫ್ಯೂಸ್ ಪದೇ ಪದೇ ಹೋದರೆ ಬೆಳ್ಳಿ ಕಾಗದ ಸುತ್ತಿ.

ರಿಪೇರಿಯವರು: ಅಳಿಸಿ ಅದನ್ನು. ಟ್ರಾನ್ಸ್‌ಫಾರ್ಮರ್ ಹೊತ್ತಿ ಉರಿಯುತ್ತದೆ. ಇಂಥ ಮೆಸೇಜ್ ನೋಡಿಯೇ ಮೇಲಿನವರು ಪಿನ್ ಕಿತ್ತಿದ್ದು. ಇಳಿಸಂಜೆ ಅವರೇ, ಪ್ಲಗ್ ತೆಗೆದಿರಾ?

ಹೊಸ ಶ್ರುತಿ: ಸರ್, 12 ಇಂಚು, 15 ಇಂಚು ಕೇಳಿದ್ದೆ.

ರಿಪೇರಿಯವರು: ಇಳಿಸಂಜೆ ಅವರೇ?

ಇಳಿಸಂಜೆ: ತೆಗೆದೆ ಸರ್. ಕೇಬಲ್ ಸುತ್ತಿಟ್ಟಿದ್ದೇನೆ. ನಾಳೆ ರಿಪೇರಿಗೆ ಕೊಡುತ್ತೇನೆ.