ಅಪ್‌ಡೇಟ್: ಭಾವನೆಗಳಿಗೆ ಐಸ್‌ಲ್ಯಾಂಡಿಕ್ ಪದಗಳು

‘ಫೀಲಿಂಗ್’, ‘ಎಮೋಷನ್’, ‘ಡಿಪ್ರೆಷನ್’, ‘ಬೋರ್ಡ್’ (bored, ಬೇಸರಗೊಂಡ) ಎಂಬ ಇಂಗ್ಲಿಷ್ ಪದಗಳನ್ನು ಐಸ್‌ಲ್ಯಾಂಡಿಕ್ ಭಾಷೆಗೆ ಹೇಗೆ ತರಬೇಕೆಂದು ನಾನು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮೊದಲೆರಡಕ್ಕೂ ಸಾಮಾನ್ಯವಾಗಿ ‘ತಿಲ್‌ಫಿನ್ನಿಂಗ್’ ಸಾಕಾಗುತ್ತದೆ. ‘ಗೆದ್ಸ್‌ಹ್ರೈರಿಂಗ್’ ಪದಕ್ಕೆ ಅಕ್ಷರಶಃ ‘ಮನಸ್ಸಿನ ಕಲಕುವಿಕೆ’ ಎಂಬ ಅರ್ಥವಿರುವುದರಿಂದ ಅದನ್ನು ತೀವ್ರ ಉದ್ವೇಗಕ್ಕೆ ಮಾತ್ರ ಉಳಿಸಿಕೊಂಡಿದ್ದೇನೆ. ‘ಡಿಪ್ರೆಷನ್’ಗೆ ‘ಥುಂಗ್‌ಲಿಂದಿ’, ಅಂದರೆ ಭಾರವಾದ ಮನಃಸ್ಥಿತಿ.

ನಾನು ಎಡವಿದ್ದು ‘ಬೋರ್ಡ್’ ವಿಷಯದಲ್ಲಿ. ಇಂಗ್ಲಿಷಿನಂತೆ ಒಂದು ವಿಶೇಷಣವನ್ನೇ ಹುಡುಕಿ ‘ಯೆಗ್ ಎರ್ ಲೇಯ್ದಿನ್‌ಲೆಗುರ್’ ಎಂದು ಬರೆದಿದ್ದೆ. ಅದರ ಅರ್ಥ ‘ನಾನು ಬೇಸರ ಹುಟ್ಟಿಸುವವನು’ ಎಂದಂತೆ! ಸರಿಯಾದದ್ದು ‘ಮ್ಯೇರ್ ಲೇಯ್ದಿಸ್ತ್’. ಇಲ್ಲಿ ‘ಮ್ಯೇರ್’ ಎಂದರೆ ‘ನನಗೆ’. ‘ನನಗೆ ಬೇಸರವಾಗುತ್ತಿದೆ’ ಎಂಬ ಕನ್ನಡ ವಾಕ್ಯದಿಂದಲೇ ಹೊರಟಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಚಳಿಗೂ ಇದೇ ಕ್ರಮ: ‘ಮ್ಯೇರ್ ಎರ್ ಕಾಲ್ತ್’, ‘ನನಗೆ ಚಳಿ’.

ಆದರೆ ಈ ಹೋಲಿಕೆಯನ್ನು ಎಲ್ಲೆಡೆ ನಂಬುವಂತಿಲ್ಲ. ಕಾತರದಿಂದ ಎದುರುನೋಡುವುದಕ್ಕಿರುವ ‘ಹ್ಲಾಕ ತಿಲ್’ ಕ್ರಿಯಾಪದಕ್ಕೆ ಶಿಷ್ಟ ಬಳಕೆಯಲ್ಲಿ ‘ಯೆಗ್’, ಅಂದರೆ ‘ನಾನು’ ಎಂಬ ಪ್ರಥಮಾ ವಿಭಕ್ತಿಯೇ ಬೇಕು. ಅಲ್ಲಿಯೂ ‘ನನಗೆ’ ಎಂದುಬಿಡುವ ಆಡುಮಾತಿನ ರೂಢಿಗೆ ಐಸ್‌ಲ್ಯಾಂಡಿನವರು ಇಟ್ಟಿರುವ ಹೆಸರು ‘ಚತುರ್ಥಿ ರೋಗ’.