ಹೆಸರಘಟ್ಟದ ಟೊಮ್ಯಾಟೊ ಬೀಜ ನಾವೇ ಎತ್ತಿಟ್ಕೊಂಡ್ರೆ ಕೇಸ್ ಆಗತ್ತಾ?

ಯಲಹಂಕದವನು:
ದೊಡ್ಡಬಳ್ಳಾಪುರದ ಹತ್ರ ನಮ್ಮ ಮಾವಂದು ಮುಕ್ಕಾಲು ಎಕರೆ ಟೊಮ್ಯಾಟೊ ಇದೆ, ಹೋದ್ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಅನ್ನೋ ತಳಿ ತಂದು ಹಾಕಿದ್ವಿ, ಎಲೆ ಮುಟುರು ರೋಗ ಅಷ್ಟಾಗಿ ಬರ್ಲಿಲ್ಲ. ಒಳ್ಳೆ ಹಣ್ಣು ನೋಡಿ ಬೀಜ ಎತ್ತಿಡೋಣ ಅಂದ್ರೆ ಪಕ್ಕದ ತೋಟದೋರು "ಅದಕ್ಕೆ ರೈಟ್ಸ್ ಇದೆ ಕಣಪ್ಪ, ಗುಜರಾತಲ್ಲಿ ಆಲೂಗಡ್ಡೆ ಬೆಳೆದೋರ ಮೇಲೆ ಕೋಟಿ ಲೆಕ್ಕದಲ್ಲಿ ಕೇಸ್ ಹಾಕಿರ್ಲಿಲ್ವಾ" ಅಂತ ಹೆದರಿಸ್ತಾರೆ. ನಿಜಾನಾ? ಇನ್ನೊಂದು, ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಮಾಡಿದ ತಳಿನ ಕಂಪನಿಗಳಿಗೆ ಲೈಸೆನ್ಸ್ ಕೊಡ್ತಾರಂತಲ್ಲ, ಇದ್ಯಾವ ನ್ಯಾಯ?

ಬೀಜದ ಬುಟ್ಟಿ:
ಕೇಸ್ ಬಿಡಿ ಸಾರ್, ಬೀಜನೇ ಕೈ ಕೊಡತ್ತೆ. ಅದು ಎಫ್1 ಹೈಬ್ರಿಡ್, ಅಂದ್ರೆ ಎರಡು ತಳಿ ಕೂಡಿಸಿ ಮಾಡಿದ ಮೊದಲ ಪೀಳಿಗೆ, ಅದರ ಹಣ್ಣಿನ ಬೀಜ ಹಾಕಿದ್ರೆ ಗಿಡಗಳು ಒಂದೇ ತರ ಬರಲ್ಲ. ನಾನೂ ಹಿಂಗೇ ಆಸೆಪಟ್ಟು ಹಣ್ಣು ಹಿಂಡಿ ಎರಡು ದಿನ ನೆನೆಸಿ ಪೇಪರ್ ಮೇಲೆ ಒಣಗಿಸಿ ಹಾಕಿದ್ದೆ, ಒಂದು ಗಿಡದಲ್ಲಿ ಗುಂಡು ಕಾಯಿ, ಪಕ್ಕದ್ರಲ್ಲಿ ಮೊಟ್ಟೆ ತರದ್ದು, ಮೂರನೇದು ಹೂ ಬಿಡೋಕ್ ಮುಂಚೆನೇ ಮುದುಡ್ಕೊಂಡು ಕೂತಿತ್ತು. ಕಾನೂನಿಗಿಂತ ಗಟ್ಟಿ ಬೀಗ ಇದು.

ಲಾ ಓದಿದವಳು:
ಕಾನೂನಲ್ಲಿ ನಿಮ್ಮ ಮಾವ ಸೇಫ್. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 39ನೇ ಸೆಕ್ಷನ್: ರೈತ ಬೀಜ ಎತ್ತಿಡಬಹುದು, ಬಿತ್ತಬಹುದು, ಕೊಟ್ಟು ತಗೋಬಹುದು, ಮಾರಬಹುದು ಕೂಡ, ಸಂರಕ್ಷಿತ ತಳಿ ಅಂತ ಲೇಬಲ್ ಹಾಕಿ ಪ್ಯಾಕೆಟ್ ಮಾಡಿ ಮಾರಂಗಿಲ್ಲ ಅಷ್ಟೆ. ಗುಜರಾತಿಂದು ಪೆಪ್ಸಿಕೋ ಕಂಪನಿಯ ಎಫ್‌ಸಿ5 ಆಲೂಗಡ್ಡೆ ತಳಿ ಕೇಸ್, 2019. ಜನ ತಿರುಗಿಬಿದ್ಮೇಲೆ ಮೇ ತಿಂಗಳಲ್ಲಿ ಕೇಸ್ ವಾಪಸ್ ತಗೊಂಡ್ರು. 2021ರಲ್ಲಿ ತಳಿ ನೋಂದಣಿನೇ ರದ್ದಾಯ್ತು, 2024ರ ಜನವರಿಲಿ ದೆಹಲಿ ಹೈಕೋರ್ಟ್ ಆ ರದ್ದತಿನ ತಳ್ಳಿಹಾಕ್ತು.

ರಾಗಿಮುದ್ದೆ:
ಲೈಸೆನ್ಸ್ ವಿಷ್ಯಕ್ಕೆ ನಂಗೆ ಸಿಟ್ಟಿಲ್ಲ. ಹೈಬ್ರಿಡ್ ಬೀಜ ಆಗ್ಬೇಕಂದ್ರೆ ಒಂದೊಂದು ಹೂವಿಂದೂ ಗಂಡು ಭಾಗ ಕೈಯಲ್ಲೇ ಕಿತ್ತು ಪರಾಗ ಮುಟ್ಟಿಸ್ಬೇಕು, ರಾಣೆಬೆನ್ನೂರು ಕಡೆ ಹೆಂಗಸ್ರು ದಿನಗಟ್ಲೆ ಅದನ್ನೇ ಮಾಡ್ತಾರೆ, ಹೆಸರಘಟ್ಟದೋರೊಬ್ರೇ ದೇಶಕ್ಕೆಲ್ಲ ಬೀಜ ಮಾಡಕ್ಕಾಗತ್ತಾ? ಒಂದೇ ಕಂಪನಿಗೆ ಬರ್ಕೊಟ್ರೆ ತಪ್ಪು, ನಾಲ್ಕು ಜನಕ್ಕೆ ಕೊಟ್ರೆ ರೇಟು ಹಿಡಿತದಲ್ಲಿರತ್ತೆ.

ನನ್ನ ತಕರಾರು ಬೇರೆ. ರಾಗಿ ತನ್ನ ಪರಾಗ ತಾನೇ ತಗೊಳ್ಳೋ ಬೆಳೆ, ಎತ್ತಿಟ್ಟ ಬೀಜನೂ ಅದೇ ತರ ಬರತ್ತೆ, ಒಂದ್ಸಲ ಬೀಜ ಕೊಂಡ ರೈತ ನಾಲ್ಕೈದು ವರ್ಷ ಅಂಗಡಿ ಕಡೆ ತಲೆ ಹಾಕಲ್ಲ, ಹಂಗಾಗಿ ದೊಡ್ಡ ಕಂಪನಿಗಳು ಅದನ್ನ ಮೂಸಿನೂ ನೋಡ್ಲಿಲ್ಲ. ಆ ಸಣ್ಣ ಹೂವಲ್ಲಿ ಆಫ್ರಿಕಾ ರಾಗಿ ನಮ್ಮ ರಾಗಿ ಕೂಡಿಸಿ ಇಂಡಾಫ್ ಅನ್ನೋ ತಳಿಗಳ್ನ ಮಾಡಿದ್ದು ಮಂಡ್ಯದ ವಿ.ಸಿ. ಫಾರ್ಮ್ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನೋರು, ಸರ್ಕಾರಿ ಸಂಬಳದಲ್ಲಿ. ಆಮೇಲೆ ಬಂದ ಜಿಪಿಯು 28 ರಾಗಿ ತಳಿ ನಮ್ಮ ಬೆಂಗಳೂರು ಕೃಷಿ ವಿ.ವಿ. ಇರೋ ಜಿಕೆವಿಕೆದು. ಟ್ಯಾಕ್ಸ್ ದುಡ್ಡು ಮೊದ್ಲು ಇಂಥದ್ದಕ್ಕೆ ಹೋಗ್ಲಿ, ಟೊಮ್ಯಾಟೊ ಹೈಬ್ರಿಡ್ ರೇಸಲ್ಲಿ ಓಡೋಕೆ ಕಂಪನಿಗಳು ಸಾಕಷ್ಟಿವೆ.

ಬೀಜದ ಬುಟ್ಟಿ:
ಒಪ್ಪಲ್ಲ ಗುರು. ಸರ್ಕಾರದ್ದೂ ಒಂದು ಹೈಬ್ರಿಡ್ ಇಲ್ದಿದ್ರೆ ಕಂಪನಿಯವ್ರು ಹೇಳಿದ್ದೇ ರೇಟು.

ಯಲಹಂಕದವನು:
ಥ್ಯಾಂಕ್ಸ್ ಎಲ್ರಿಗೂ. ಮಾವಂಗೆ ಹೇಳೋಷ್ಟ್ರಲ್ಲಿ ಮೊರದ ತುಂಬ ಬೀಜ ಒಣಗಾಕ್ಬಿಟ್ಟಿದಾರೆ, "ಒಂದು ಸಾಲು ಹಾಕಿ ನೋಡೇ ಬಿಡ್ತೀನಿ" ಅಂತಾವ್ರೆ. ಮೂರು ತಿಂಗ್ಳು ಬಿಟ್ಟು ಫೋಟೋ ಹಾಕ್ತೀನಿ.